ಗ್ರಂಥಋಣದಲ್ಲಿ ಬೀಗರು

ಪುಸ್ತಕ ಬರೆಯುವವನಿಗೆ ಅತ್ಯಂತ ಸುಲಭವಾದ ಕೆಲಸ ಯಾವುದು ಎಂದು ಆಗ ಯಾರಾದರೂ ನನ್ನನ್ನು ಕೇಳಿದ್ದರೆ, ಹಿಂದೆಮುಂದೆ ನೋಡದೆ ‘ಕೊನೆಯಲ್ಲಿ ಹಾಕುವ ಗ್ರಂಥಋಣ’ ಎಂದು ಹೇಳಿಬಿಡುತ್ತಿದ್ದೆ. ಅದಕ್ಕೆ ತಲೆ ಬೇಡ, ಪ್ರತಿಭೆ ಬೇಡ. ಓದಿದ ಪುಸ್ತಕಗಳ ಹೆಸರನ್ನು ಸಾಲಾಗಿ ಬರೆದು, ಮುಂದೆ ಒಂದೊಂದು ಅಂಕಿ ಹಾಕಿದರೆ ಮುಗಿಯಿತು. ಮನೆಗೆ ಕಿರಾಣಿ ಚೀಟಿ ಬರೆಯುವುದು ಇದಕ್ಕಿಂತ ಕಷ್ಟ ಎಂದು ನಾನು ನಂಬಿದ್ದೆ. ಆ ನಂಬಿಕೆಯೇ ನನ್ನನ್ನು ಮುಳುಗಿಸಿತು!

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಆಗ ಕೊಪ್ಪಳದ ಒಂದು ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕ. ಅದಕ್ಕೆ ಮೊದಲು ಯಲಬುರ್ಗಾದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದೆ. ಆ ನೌಕರಿಗೆ ಸಂಬಳವಿಲ್ಲದ ರಜೆ ಹಾಕಿ, ಹೆಂಡತಿ ಕಸ್ತೂರಿಯನ್ನೂ ಪಾತ್ರೆಪಡಗವನ್ನೂ ಬಸ್ಸಿಗೆ ಹೇರಿಕೊಂಡು ಕೊಪ್ಪಳಕ್ಕೆ ಬಂದಿದ್ದೆ. ಕಾಯಂ ಆದರೆ ‘ಪ್ರೊಫೆಸರ್’. ಆಗದಿದ್ದರೆ ಅದೇ ಬಸ್ಸು, ಅದೇ ಪಾತ್ರೆ, ಅದೇ ಯಲಬುರ್ಗಾ. ಕಾಯಂ ಮಾಡುವುದು ಬಿಡುವುದು ಆಡಳಿತ ಮಂಡಳಿಯ ಕೈಯಲ್ಲಿತ್ತು. ಆಡಳಿತ ಮಂಡಳಿ ನಮ್ಮ ಪ್ರಿನ್ಸಿಪಾಲರ ಕೈಯಲ್ಲಿತ್ತು.

ಪ್ರಿನ್ಸಿಪಾಲರು ಒಳ್ಳೆಯವರು. ಮಧ್ಯಾಹ್ನದ ಊಟವಾದ ಮೇಲೆ ಕುರ್ಚಿಯಲ್ಲಿ ಕುಳಿತಲ್ಲೇ ಅರ್ಧಗಣ್ಣು ಮುಚ್ಚುತ್ತಿದ್ದರು. ಅಂಥ ಒಂದು ಶುಭ ಮುಹೂರ್ತದಲ್ಲಿ ನನ್ನನ್ನು ಕರೆದು ಹೇಳಿದರು:

“ನೋಡ್ರಿ, ಒಂದು ಪುಸ್ತಕ ತಗೀರಿ. ಧಾರವಾಡದ ಯಾರರ ದೊಡ್ಡ ವಿದ್ವಾಂಸರ ಕಡಿಂದ ಮುನ್ನುಡಿ ಬರಸ್ರಿ. ಬಿಡುಗಡಿ ನಮ್ಮ ಕಾಲೇಜಿನ್ಯಾಗ ಮಾಡೂಣು. ಮುಂದ ಕಮಿಟಿಯವರಿಗೆ ಹೇಳೂದು ನಂದು.”

ಪುಸ್ತಕವೇನು, ನನ್ನಲ್ಲಿ ತಯಾರೇ ಇತ್ತು. ಯಲಬುರ್ಗಾದ ಎರೆಭೂಮಿಯಲ್ಲಿ ಮಾಸ್ತರಿಕೆ ಮಾಡುವಾಗ ರವಿವಾರ ಬಂದರೆ ಸೈಕಲ್ ಹತ್ತಿ ಹಳೆಯ ಬಾವಿಗಳನ್ನು ನೋಡಲು ಹೋಗುತ್ತಿದ್ದೆ. ಮೆಟ್ಟಿಲ ಬಾವಿ, ಸೇದುವ ಬಾವಿ, ಕಲ್ಲಿನಲ್ಲಿ ಅಕ್ಷರ ಕೊರೆದ ಬಾವಿ. ಎಲ್ಲವನ್ನೂ ಅಳೆದು ಬರೆದಿದ್ದೆ. ಹೆಸರು ‘ಯಲಬುರ್ಗಾ ಸೀಮೆಯ ಬಾವಿಗಳು’. ಧಾರವಾಡದ ನನ್ನ ಗುರುಗಳೂ ಮುನ್ನುಡಿ ಬರೆಯಲು ಒಪ್ಪಿದರು. ಇನ್ನು ಉಳಿದದ್ದು ಆ ಕಿರಾಣಿ ಚೀಟಿ ಒಂದೇ!

ನಮ್ಮ ಕಡೆ ಒಂದು ಪದ್ಧತಿಯಿದೆ. ಮದುವೆ ಕಾರ್ಡು ಬಂದರೆ ಯಾರೂ ವಧುವರರ ಹೆಸರನ್ನು ಮೊದಲು ಓದುವುದಿಲ್ಲ. ಕೆಳಗೆ ‘ತಮ್ಮ ಆಗಮನ ಬಯಸುವವರು’ ಎಂಬ ಸಾಲಿಗೆ ಬೆರಳಿಟ್ಟು ತಮ್ಮ ಹೆಸರು ಎಲ್ಲಿದೆ, ಯಾರ ಮೇಲಿದೆ, ಯಾರ ಕೆಳಗಿದೆ ಎಂದು ನೋಡುತ್ತಾರೆ. ಬಿಟ್ಟುಹೋಗಿದ್ದರೆ ಮದುವೆಗೆ ಬರುವುದಿಲ್ಲ. ಕೆಳಗೆ ಬಿದ್ದಿದ್ದರೆ ಬರುತ್ತಾರೆ, ಆದರೆ ಉಣ್ಣುವುದಿಲ್ಲ. ನಾನು ಪುಸ್ತಕ ಬರೆದಿದ್ದೇನೆ, ಅದರ ಕೊನೆಯಲ್ಲಿ ಬೇರೆ ಬರಹಗಾರರ ಹೆಸರುಗಳು ಬರುತ್ತವೆ ಎಂಬ ಸುದ್ದಿ ಕೊಪ್ಪಳದಿಂದ ಗಂಗಾವತಿಯವರೆಗೆ ಹರಡಿದ್ದೇ ತಡ, ಈ ಪದ್ಧತಿ ನನ್ನ ಗ್ರಂಥಋಣಕ್ಕೂ ವಕ್ಕರಿಸಿತು.

ಮೊದಲು ಬಂದವರು ಪ್ರಿನ್ಸಿಪಾಲರೇ. “ನಂದೂ ಒಂದು ಸಣ್ಣ ಪುಸ್ತಕ ಐತ್ರಿ, ‘ಕೈಬರಹ ಸುಧಾರಣೆ’ ಅಂತ. ನೋಡ್ರಿ, ನಿಮಗ ಉಪಯೋಗ ಆದ್ರ...” ಎಂದರು. ಆಗದೆ ಇರುತ್ತದೆಯೇ? ಕಾಯಂ ಮಾಡುವವರ ಪುಸ್ತಕ ಉಪಯೋಗಕ್ಕೆ ಬಾರದಿದ್ದರೆ ಇನ್ನಾವ ಪುಸ್ತಕ ಬಂದೀತು!

ಆಮೇಲೆ ಗಂಗಾವತಿಯಲ್ಲಿದ್ದ ನಮ್ಮ ಮಾವನವರು. ಅವರು ‘ಹುಲಿಗೆಮ್ಮನ ಆರತಿ ಪದಗಳು’ ಎಂಬ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ, ಹುಣ್ಣಿಮೆಗೆ ಹುಲಿಗಿಗೆ ಹೋಗುವವರಿಗೆಲ್ಲ ಹಂಚಿದ್ದರು. ಆಮೇಲೆ ಕುಷ್ಟಗಿಯ ದನದ ಡಾಕ್ಟರು. ಅವರದು ‘ಕುರಿಗಳ ರೋಗಗಳು ಮತ್ತು ಮನೆಮದ್ದು’. ಹೀಗೇ ಇನ್ನೂ ಹತ್ತು ಮಂದಿ ಹಿರಿಯರು. ಕೊನೆಗೆ, ಪುಸ್ತಕ ಅಚ್ಚು ಹಾಕಲು ಒಪ್ಪಿದ್ದ ಗಂಗಾವತಿಯ ಪ್ರೆಸ್ಸಿನ ಮಾಲೀಕರು ಮಹೆಬೂಬ್‌ಸಾಬರು ತಮ್ಮ ಚಾಚಾ ಉರ್ದುವಿನಲ್ಲಿ ಬರೆದ ಅತ್ತರಿನ ಪುಸ್ತಕವೊಂದನ್ನು ತಂದಿಟ್ಟರು. ನನಗೆ ಉರ್ದು ಬರುವುದಿಲ್ಲ. ಪುಸ್ತಕದಿಂದ ಪರಿಮಳ ಬರುತ್ತಿತ್ತು, ಸೇರಿಸಿಕೊಂಡೆ.

ಮಹೆಬೂಬ್‌ಸಾಬರ ಪ್ರೆಸ್ಸು ಮದುವೆ ಕಾರ್ಡಿಗೆ ಹೆಸರಾದದ್ದು. ಇಡೀ ಸೀಮೆಯಲ್ಲಿ ಯಾರು ಯಾರಿಗೆ ಏನಾಗಬೇಕು, ಯಾರ ಹೆಸರು ಯಾರ ಮೇಲೆ ಬರಬೇಕು ಎಂಬುದು ಅವರಿಗೆ ಬಾಯಿಪಾಠ. ನಾನು ಅಕಾರಾದಿಯಾಗಿ ಬರೆದುಕೊಂಡು ಹೋದ ಪಟ್ಟಿಯನ್ನು ಕನ್ನಡಕ ಏರಿಸಿ ನೋಡಿದರು. ಮುಖ ಸಪ್ಪಗಾಯಿತು.

“ಸರ, ಇದೇನ್ರಿ ಹಿಂಗ? ಪ್ರಿನ್ಸಿಪಾಲರ ಹೆಸರು ನಡುವ ಎಲ್ಲೋ ಸಿಕ್ಕೊಂಡೈತಿ. ಮಾವಾರು ತಳಕ್ಕ ಹೋಗ್ಯಾರ. ಅ ಆ ಇ ಈ ಅಂತ ಹಚ್ಚಿದ್ರ ಹಿರೇರ ಮರ್ಯಾದಿ ಹೆಂಗ ಉಳಿತೈತ್ರಿ?”

“ಪುಸ್ತಕದಾಗ ಹಂಗ ಹಾಕ್ತಾರ್ರಿ ಸಾಬ್ರ.”

“ಹಾಕೋರು ಹಾಕ್ಲಿ ಬಿಡ್ರಿ. ಅವರು ಇಲ್ಲಿ ಬಾಳೇವು ಮಾಡಬೇಕಾಗಿಲ್ಲ. ನಿಮಗ ಮಾಡಬೇಕಾಗೈತಿ.”

ಇಬ್ಬರೂ ಕೂತು ಹಿರಿತನದ ಪ್ರಕಾರ ಪಟ್ಟಿ ಮಾಡಿದೆವು. ತೀರಿಹೋದವರು ಮೊದಲು ಬರಬೇಕು ಎಂದು ಸಾಬರು ಹಟ ಹಿಡಿದರು. ಪಟ್ಟಿಯಲ್ಲಿ ಎಲ್ಲರಿಗಿಂತ ಮೊದಲು ತೀರಿಹೋಗಿದ್ದವನು ನಿಜಾಮರ ಕಾಲದ ಒಬ್ಬ ಬಿಳಿ ಎಂಜಿನಿಯರ್. ಅವನನ್ನು ಗುರುಗಳಿಗಿಂತ ಮೇಲೆ ಕೂರಿಸಲು ನನ್ನ ಮನಸ್ಸು ಒಪ್ಪಲಿಲ್ಲ. ಜಗ್ಗಾಡಿ, ಕೊನೆಗೆ ಹೀಗೆ ಗೊತ್ತಾಯಿತು: ಒಂದನೆಯವರು ಗುರುಗಳು. ಎರಡನೆಯವನು ಬಿಳಿ ಎಂಜಿನಿಯರ್. ಮೂರು ಪ್ರಿನ್ಸಿಪಾಲರು. ನಾಲ್ಕು ಮಾವನವರು. ಐದು ಕುರಿ ಡಾಕ್ಟರು. ಆರು ಅತ್ತರು. ಹೀಗೇ ಹದಿನಾರರವರೆಗೆ ಊರ ಹಿರಿಯರೆಲ್ಲ ಮುಗಿದ ಮೇಲೆ, ನಾನು ನಿಜವಾಗಿ ಓದಿ ಬಳಸಿಕೊಂಡಿದ್ದ ಪುಸ್ತಕಗಳು ತಳದಲ್ಲಿ ನಿಂತವು. ಪಾಪ, ಅವುಗಳನ್ನು ಬರೆದವರ ಬಂಧುಬಳಗ ಯಾರೂ ಕೊಪ್ಪಳದಲ್ಲಿರಲಿಲ್ಲ.

ಒಳಗಿನ ಬರಹದಲ್ಲಿ ಪುಸ್ತಕದ ಹೆಸರು ಬರೆಯದೆ, ಕಂಸದಲ್ಲಿ ಬರೀ ಅಂಕಿ ಹಾಕುವ ಕ್ರಮವನ್ನು ನಾನು ಅನುಸರಿಸಿದ್ದೆ. ನೋಡಲು ಭಾರಿ ಪಾಂಡಿತ್ಯದಂತೆ ಕಾಣುತ್ತದೆ. ‘ನನ್ನ ಕಣ್ಣು ತೆರೆಸಿದ ಪೂಜ್ಯರು (೧) ಹೇಳುವಂತೆ’ ಎಂದು ಗುರುಗಳನ್ನು ಪುಟಪುಟದಲ್ಲೂ ನೆನೆದಿದ್ದೆ. ಆ ಬಿಳಿ ಎಂಜಿನಿಯರನನ್ನು ಮಾತ್ರ ಪುಟಪುಟದಲ್ಲೂ ಝಾಡಿಸಿದ್ದೆ. ಈ ಸೀಮೆಯ ಜನರಿಗೆ ಬಾವಿ ಕಟ್ಟಲು ಬರುವುದಿಲ್ಲ ಎಂದು ಅವನು ತನ್ನ ವರದಿಯಲ್ಲಿ ಬರೆದಿದ್ದ. ನನಗೆ ರಕ್ತ ಕುದಿಯದೆ ಇರುತ್ತದೆಯೇ? ಸತ್ತವನು ತಿರುಗಿ ಬಯ್ಯುವುದಿಲ್ಲವಲ್ಲ ಎಂಬ ಧೈರ್ಯವೂ ಇತ್ತು. (೨) ಎಂದು ಹಾಕಿ ಹಾಕಿ ಬೈದಿದ್ದೆ!

ಅಚ್ಚಿನ ಕೆಲಸ ಶುರುವಾಯಿತು. ಈಗಿನವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸೀಸದ ಒಂದೊಂದು ಅಕ್ಷರದ ಮೊಳೆಯನ್ನೂ ಕೈಯಿಂದ ಜೋಡಿಸಿ ಸಾಲು ಮಾಡಬೇಕು, ಸಾಲು ಕಟ್ಟಿ ಪುಟ ಮಾಡಬೇಕು. ಸಾಬರಲ್ಲಿದ್ದದ್ದು ಮದುವೆ ಕಾರ್ಡಿಗೆ ಸಾಕಾಗುವಷ್ಟು ಮೊಳೆ. ಹಾಗಾಗಿ ಕೆಲವೇ ಪುಟ ಜೋಡಿಸುವುದು, ಅಷ್ಟೂ ಪ್ರತಿಗೆ ಬೇಕಾದ ಹಾಳೆ ಅಚ್ಚು ಹಾಕುವುದು, ಆಮೇಲೆ ಪುಟ ಬಿಚ್ಚಿ ಅದೇ ಮೊಳೆಯಿಂದ ಮುಂದಿನ ಪುಟ ಜೋಡಿಸುವುದು. ಅಚ್ಚಾದದ್ದು ಅಚ್ಚಾಯಿತು. ಬ್ರಹ್ಮ ಬಂದರೂ ತಿದ್ದುವಂತಿಲ್ಲ.

ಕೊನೆಯ ಅಧ್ಯಾಯವೊಂದನ್ನು ಬಿಟ್ಟು ಉಳಿದದ್ದೆಲ್ಲ ಅಚ್ಚಾಗಿತ್ತು. ಆ ಹಾಳೆಗಳನ್ನೂ ಪಟ್ಟಿಯ ಪ್ರೂಫನ್ನೂ ಹಿಡಿದುಕೊಂಡು ನಾನು ಮುನಿರಾಬಾದಿಗೆ ಹೋದೆ. ಗುರುಗಳು ಅಲ್ಲಿನ ಡ್ಯಾಮ್ ಕಾಲೊನಿಯಲ್ಲಿದ್ದ ಮಗಳ ಕ್ವಾರ್ಟರ್ಸಿಗೆ ಬಂದಿದ್ದರು. ವರಾಂಡದಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಕೂತಿದ್ದರು. ಹಾಳೆಗಳನ್ನು ತೆಗೆದುಕೊಂಡು, ಕಟ್ಟನ್ನು ತಿರುವಿ ಹಾಕಿ, ಕೊನೆಯ ಹಾಳೆಯಿಂದ ಓದಲು ಶುರುಮಾಡಿದರು!

“ತಮ್ಮಾ, ಇದು ಯಾವುದೋ, ‘ಕುರಿಗಳ ರೋಗಗಳು’?”

“ಕುಷ್ಟಗಿ ಡಾಕ್ಟರು ಬರದದ್ರಿ.”

“ಡಾಕ್ಟರು ಬರದದ್ದು ಆತು. ನಿನ್ನ ಬಾವ್ಯಾಗ ಕುರಿ ಯಾವಾಗ ಬಿದ್ದಿದ್ವು?”

ನಾನು ತಲೆ ಕೆರೆದುಕೊಂಡೆ.

“‘ಆರತಿ ಪದಗಳು’?”

“ಅವರು ನಮ್ಮ ಮಾವಾರ್ರಿ.”

“ಮಾವಾರು ನಿನಗ ಹೆಣ್ಣು ಕೊಟ್ಟಾರ, ಖರೆ. ಬಾವಿ ಬಗ್ಗೆ ಏನರ ಕೊಟ್ಟಾರೇನು?”

“ಇಲ್ರಿ.”

“ಈ ಅತ್ತರಿನ ಪುಸ್ತಕ ಓದೀಯೇನು?”

“ವಾಸನಿ ನೋಡೀನ್ರಿ.”

ಗುರುಗಳು ಹಾಳೆಗಳನ್ನು ಮಡಿಚಿ ನನ್ನ ತೊಡೆಯ ಮೇಲಿಟ್ಟರು. ಅವರ ದನಿ ಏರಲಿಲ್ಲ. ಏರಿದ್ದರೆ ವಾಸಿಯಿತ್ತು.

“ನೋಡಪಾ. ಪಟ್ಟ್ಯಾಗ ಇದ್ದದ್ದು ಪುಸ್ತಕದ ಒಳಗ ಇರಬೇಕು. ಒಳಗ ಇದ್ದದ್ದು ಪಟ್ಟ್ಯಾಗ ಇರಬೇಕು. ಒಳಗ ಎಲ್ಲಿಯೂ ಬರಲಾರದ ಪುಸ್ತಕ ಒಂದರ ಪಟ್ಟ್ಯಾಗ ಕಂಡ್ರ ನಾ ಮುನ್ನುಡಿ ಕೊಡಂಗಿಲ್ಲ. ಬಿಡುಗಡಿಗೂ ಬರಂಗಿಲ್ಲ.”

ಮುನ್ನುಡಿಯಿಲ್ಲದಿದ್ದರೆ ಪುಸ್ತಕವಿಲ್ಲ. ಪುಸ್ತಕವಿಲ್ಲದಿದ್ದರೆ ಕಾಯಂ ಇಲ್ಲ. ಆದರೂ ನಾನು ಅಷ್ಟೇನೂ ಹೆದರಲಿಲ್ಲ. ಪಟ್ಟಿ ಇನ್ನೂ ಅಚ್ಚಾಗಿರಲಿಲ್ಲವಲ್ಲ! ಬೇಡವಾದ ಹೆಸರುಗಳನ್ನು ತೆಗೆದರಾಯಿತು. ಅಲ್ಲಿಂದ ನೇರ ಗಂಗಾವತಿಯ ಬಸ್ಸು ಹತ್ತಿ, ಪ್ರೆಸ್ಸಿಗೆ ಹೋಗಿ, ಪ್ರೂಫಿನ ಮೇಲೆ ಸರಸರ ಗೆರೆ ಎಳೆದೆ. ಪ್ರಿನ್ಸಿಪಾಲರು ಹೋದರು. ಮಾವನವರು ಹೋದರು. ಕುರಿ ಹೋಯಿತು. ಹದಿನಾರರವರೆಗಿನ ಉಳಿದ ಹಿರಿಯರೂ ಹೋದರು. ಅತ್ತರು ಹೋಗುವಾಗ ಸಾಬರು ಒಂದು ಉಸಿರು ಬಿಟ್ಟರು. ಆಮೇಲೆ ಉಳಿದದ್ದನ್ನು ನೋಡಿ ಕೇಳಿದರು:

“ಸರ, ಒಂದು ಐತಿ, ಎರಡು ಐತಿ. ಆಮ್ಯಾಲ ಒಮ್ಮಿಗೇ ಹದಿನೇಳು ಬಂದೈತಿ. ನಡುವಿನವು ಎಲ್ಲಿ ಅಂತ ಮಂದಿ ಕೇಳೂದಿಲ್ಲೇನ್ರಿ?”

“ಹಂಗಾರ ಹದಿನೇಳಕ್ಕ ಮೂರು ಅಂತ ಮಾಡ್ರಿ.”

“ಮಾಡ್ತೀನ್ರಿ. ಆದ್ರ ಒಳಗ ಹದಿನೇಳು ಅಂತನ ಅಚ್ಚಾಗೈತಲ್ರಿ?”

ಹೌದು! ಒಳಗಿನ ಅಂಕಿಗಳೆಲ್ಲ ಅಚ್ಚಾಗಿ ಒಣಗಿ ಮೂಲೆಯಲ್ಲಿ ಕೂತಿದ್ದವು. ಪಟ್ಟಿಯಲ್ಲಿ ಒಂದು ಹೆಸರು ತೆಗೆದರೆ ಕೆಳಗಿನವೆಲ್ಲ ಮೇಲೆ ಸರಿಯುತ್ತವೆ. ಸರಿದರೆ ಒಳಗಿನ ಅಂಕಿಗೆ ತಾಳೆಯಾಗುವುದಿಲ್ಲ. ಸರಿಸದಿದ್ದರೆ ಪಟ್ಟಿ ಹಲ್ಲುಬಿದ್ದ ಬಾಯಿ. ಎರಡರಲ್ಲಿ ಯಾವುದನ್ನು ಕಂಡರೂ ಗುರುಗಳು ಬಿಡುವುದಿಲ್ಲ. ನಾನು ಅಲ್ಲೇ ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟೆ. ಸಾಬರು ಚಹಾ ತರಿಸಿದರು. ಚಹಾ ಆರಿತು, ನಾನು ಏಳಲಿಲ್ಲ.

ದುಃಖ ಒಂದೇ ಬರುವುದಿಲ್ಲವಷ್ಟೆ? ನಾನು ಪ್ರೆಸ್ಸಿನಿಂದ ಹೊರಟ ಮೇಲೆ ಮಾವನವರು ಸಹಜವಾಗಿ ಅಲ್ಲಿಗೆ ಹೋಗಿದ್ದಾರೆ. ಅಳಿಯನ ಪುಸ್ತಕ ಎಲ್ಲಿಗೆ ಬಂತೆಂದು ನೋಡಲು, ಇಬ್ಬರು ನೆಂಟರನ್ನು ಜೊತೆಗೆ ಕರೆದುಕೊಂಡು! ಪ್ರೂಫಿನಲ್ಲಿ ತಮ್ಮ ಹೆಸರಿನ ಮೇಲೆ ನನ್ನ ಕೆಂಪು ಗೆರೆಯನ್ನು ಕಂಡಿದ್ದಾರೆ. ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದರು, ಆದರೆ ಕೂರಲಿಲ್ಲ.

“ಕುಂದರ್ರಿ ಮಾವಾರ. ಕಸ್ತೂರಿ, ನೀರು ಕೊಡ.”

“ನೀರು ಬ್ಯಾಡ್ರಿ ಅಳಿಯಂದ್ರ. ಹೆಸರು ತಗದ ಮನ್ಯಾಗ ನಾ ನೀರು ಕುಡ್ಯಾಂಗಿಲ್ಲ. ಮಗಳ ಮಾರಿ ನೋಡಿ ಹೋಗೂಣಂತ ಬಂದೆ.”

ನೋಡಿದರು. ಹೋದರು! ಕಸ್ತೂರಿ ಕೈಯಲ್ಲಿ ನೀರಿನ ತಂಬಿಗೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ಆಮೇಲೆ ತಂಬಿಗೆಯನ್ನು ನನ್ನ ಮುಂದೆ ಕುಕ್ಕಿದಳು.

“ಅಲ್ರಿ, ನಮ್ಮಪ್ಪ ನಿಮಗ ಏನು ಮಾಡಿದ್ದ?”

“ಅವರು ಏನೂ ಮಾಡಿಲ್ಲ ಕಸ್ತೂರಿ. ಅದ ತ್ರಾಸು. ಅವರ ಪುಸ್ತಕದಿಂದ ನಾ ಏನೂ ತಗೊಂಡಿಲ್ಲ, ಅದಕ್ಕ ಹೆಸರು ಹಾಕಾಕ ಬರಂಗಿಲ್ಲ.”

“ತಗೊಂಡಿಲ್ಲಂದ್ರ ತಗೋರಿ! ಯಾರು ಬ್ಯಾಡ ಅಂದಾರ? ಆರತಿ ಎತ್ತಾಕ ನೀರು ಎಲ್ಲಿಂದ ಬರತೈತಿ? ಬಾವ್ಯಾಗಿಂದ ಬರತೈತಿಲ್ಲೋ?”

ನಾನು ಅವಳ ಮುಖವನ್ನೇ ನೋಡಿದೆ. ಇಷ್ಟು ಹೊತ್ತು ನನ್ನ ಎಂ.ಎ. ಪದವಿಗೆ ಹೊಳೆಯದೇ ಇದ್ದ ದಾರಿ! ಕೊನೆಯ ಅಧ್ಯಾಯ ಇನ್ನೂ ಅಚ್ಚಾಗಿಲ್ಲ. ಬಿಟ್ಟುಹೋದ ಪುಸ್ತಕಗಳನ್ನೆಲ್ಲ ಅದರೊಳಗೆ ತುಂಬಿಬಿಟ್ಟರೆ ಪಟ್ಟಿಯಲ್ಲಿದ್ದದ್ದು ಒಳಗಿರುತ್ತದೆ. ಒಂದು ಅಂಕಿಯನ್ನೂ ಬದಲಿಸಬೇಕಾಗಿಲ್ಲ. ಪ್ರಿನ್ಸಿಪಾಲರು ಉಳಿಯುತ್ತಾರೆ, ಮಾವನವರು ನೀರು ಕುಡಿಯುತ್ತಾರೆ, ಗುರುಗಳು ಮುನ್ನುಡಿ ಕೊಡುತ್ತಾರೆ. ನಾನು ಕಾಯಂ!

ಆ ಅಧ್ಯಾಯದ ಹೆಸರು ‘ಮುಚ್ಚಿಹೋದ ಬಾವಿಗಳು’. ನಲ್ಲಿ ಬಂದ ಮೇಲೆ ಜನ ಕಸ ಸುರಿದು ತುಂಬಿಸಿದ ಬಾವಿಗಳ ಬಗ್ಗೆ ಬರೆದಿದ್ದೆ. ಹಗ್ಗ ಉಜ್ಜಿ ಉಜ್ಜಿ ಸವೆದ ದಂಡೆಯ ಕಲ್ಲುಗಳ ಬಗ್ಗೆ, ಬೆಳಿಗ್ಗೆ ಅಲ್ಲಿ ನಡೆಯುತ್ತಿದ್ದ ಹೆಂಗಸರ ಮಾತುಕತೆಯ ಬಗ್ಗೆ ಬರೆದಿದ್ದೆ. ನನ್ನ ತಾಯಿ ನೀರು ಸೇದುತ್ತಿದ್ದ ಬಾವಿಯೂ ಅದರಲ್ಲಿತ್ತು. ಇಡೀ ಪುಸ್ತಕದಲ್ಲಿ ನಾನು ಮನಸ್ಸಿಟ್ಟು ಬರೆದದ್ದು ಅದೊಂದನ್ನೇ. ಬರೆಯುವಾಗ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಸಾಬರು ತರಿಸಿದ್ದ ಕಾಗದ ಅಳತೆಯದು, ಒಂದು ಪುಟವೂ ಹೆಚ್ಚು ಮಾಡುವಂತಿಲ್ಲ. ಒಂದು ಹೊಸ ಪುಸ್ತಕ ಒಳಗೆ ಬರಬೇಕಾದರೆ ಒಂದು ಬಾವಿ ಹೊರಗೆ ಹೋಗಬೇಕು.

ಹೋದವು. ಸವೆದ ಕಲ್ಲುಗಳನ್ನು ತೆಗೆದು ಆ ಜಾಗದಲ್ಲಿ ‘ಬಾವಿಯ ಕಲ್ಲಿನ ಮೇಲಿನ ಅಕ್ಷರಗಳು ದುಂಡಗಿವೆ, ದುಂಡನೆಯ ಅಕ್ಷರದ ಮಹತ್ವಕ್ಕೆ ನೋಡಿ (೩)’ ಎಂದು ಪ್ರಿನ್ಸಿಪಾಲರನ್ನು ಕೂರಿಸಿದೆ. ಹೆಂಗಸರ ಮಾತುಕತೆ ಹೋಗಿ ‘ಬಾವಿಯ ನೀರಿನಿಂದ ಶುಚಿಯಾಗಿ ಭಕ್ತರು ಹಾಡುವ ಪದಗಳಿಗೆ (೪)’ ಬಂತು. ‘ಬಾವಿಯ ಬಳಿ ಕುರಿಗಳೂ ಬರುತ್ತವೆ, ಅವುಗಳ ಆರೋಗ್ಯಕ್ಕೆ (೫)’ ಎಂದು ಡಾಕ್ಟರನ್ನು ಇಳಿಸಿದೆ. ಉಳಿದ ಹಿರಿಯರನ್ನೂ ಹೀಗೇ ಒಬ್ಬೊಬ್ಬರಾಗಿ ಇಳಿಸಿದೆ. ಅತ್ತರಿಗೆ ಮಾತ್ರ ಬಹಳ ಕಷ್ಟಪಟ್ಟೆ. ಕೊನೆಗೆ, ‘ಮುಚ್ಚಿದ ಬಾವಿಗಳಿಂದ ದುರ್ವಾಸನೆ ಬರುತ್ತದೆ; ಸುವಾಸನೆಗೆ ನೋಡಿ (೬)’ ಎಂದು ಬರೆದೆ. ಆ ವಾಕ್ಯ ಬರೆಯಲು ನನ್ನ ತಾಯಿಯ ಬಾವಿಯನ್ನು ಹೊಡೆದುಹಾಕಬೇಕಾಯಿತು. ಊರಿನವರು ಕಸ ಸುರಿದು ಅದನ್ನು ಒಮ್ಮೆ ಮುಚ್ಚಿದ್ದರು, ನಾನು ಅತ್ತರು ಸುರಿದು ಇನ್ನೊಮ್ಮೆ ಮುಚ್ಚಿದೆ.

ಗುರುಗಳು ಹೊಸ ಪ್ರೂಫನ್ನು ಮತ್ತೆ ಹಿಂದಿನಿಂದ ನೋಡಿದರು. ಪ್ರತಿಯೊಂದು ಹೆಸರಿಗೂ ಒಳಗಿನ ಅಂಕಿ ಹುಡುಕಿ ಹುಡುಕಿ ತಾಳೆ ಹಾಕಿದರು. ಎಲ್ಲವೂ ಸಿಕ್ಕಿತು. “ಅತ್ತರಿನ್ನೂ ಇಳಿಸಿಬಿಟ್ಟೆಲ್ಲೋ ಮಾರಾಯಾ!” ಎಂದರು. ಮಾತು ಕೊಟ್ಟಿದ್ದರಲ್ಲ, ಮುನ್ನುಡಿ ಬರೆದುಕೊಟ್ಟರು. ನಾನು ಆ ಪ್ರೂಫನ್ನು ಸಾಬರಿಗೆ ಕೊಟ್ಟು, “ಇನ್ನ ಇದನ್ನ ಮುಟ್ಟಬ್ಯಾಡ್ರಿ, ಹಿಂಗ ಅಚ್ಚು ಹಾಕ್ರಿ” ಎಂದು ಹೇಳಿ ನಿರಾಳವಾಗಿ ಕೊಪ್ಪಳಕ್ಕೆ ಬಂದೆ.

ಬಿಡುಗಡೆಯ ದಿನ ಕಾಲೇಜಿನ ಹಾಲ್ ತುಂಬಿತ್ತು. ಪಟ್ಟಿಯಲ್ಲಿದ್ದವರೇ ಅರ್ಧ ಜನ! ಆಡಳಿತ ಮಂಡಳಿಯವರು ಮೊದಲ ಸಾಲಿನಲ್ಲಿ ಕೂತಿದ್ದರು. ಹೆಸರು ಉಳಿದ ಸುದ್ದಿ ಕೇಳಿ ಮಾವನವರೂ ಜರಿ ರುಮಾಲು ಸುತ್ತಿಕೊಂಡು ಬಂದಿದ್ದರು. ಸಾಬರು ಗಂಗಾವತಿಯ ಬಸ್ಸಿನ ಮೇಲೆ ಪುಸ್ತಕದ ಗಂಟು ಹೇರಿಕೊಂಡು, ಇನ್ನೇನು ಕಾರ್ಯಕ್ರಮ ಶುರುವಾಗಬೇಕು ಎನ್ನುವಾಗ ಬಂದಿಳಿದರು. ಮುಖದಲ್ಲಿ ಹಬ್ಬದ ಕಳೆ.

“ಸರ, ನಿಮಗ ಹೇಳದ ಒಂದು ಕೆಲಸ ಮಾಡೀನ್ರಿ. ಆಮ್ಯಾಲ ನೋಡ್ರಿ, ಖುಷಿ ಆಗ್ತೀರಿ.”

ನೋಡಲು ನನಗೆಲ್ಲಿ ಪುರಸತ್ತು? ಗುರುಗಳು ಪುಸ್ತಕದ ಕಾಗದ ಬಿಚ್ಚಿದರು, ಚಪ್ಪಾಳೆ ಬಿತ್ತು. ಅವರು ರೂಢಿಯಂತೆ ಹಿಂದಿನ ಪುಟ ತೆಗೆದರು. ಹುಬ್ಬು ಮೇಲೇರಿತು. ಪಕ್ಕದಲ್ಲಿ ಕೂತಿದ್ದ ಪ್ರಿನ್ಸಿಪಾಲರೂ ಪಟ್ಟಿಯನ್ನೇ ತೆಗೆದು ಬೆರಳಾಡಿಸಿದರು. ಅವರ ಮುಖ ಅರಳಿತು. ಎದ್ದು ಮೈಕಿನ ಮುಂದೆ ಬಂದರು.

“ನಮ್ಮ ಸಣ್ಣ ಪುಸ್ತಕಕ್ಕ ಈ ಗ್ರಂಥದಾಗ ಎರಡನೇ ನಂಬರು ಕೊಟ್ಟಾರ. ಇದು ನಮ್ಮ ಕಾಲೇಜಿಗೆ ಸಂದ ಗೌರವ. ನನ್ನ ಪುಸ್ತಕದಿಂದ ಇವರಿಗೆ ಏನು ಉಪಯೋಗ ಆಗೈತಿ ಅನ್ನೂದನ್ನ ನಿಮ್ಮೆಲ್ಲರ ಮುಂದ ಓದತೀನಿ.”

ಎರಡನೆಯದೇ? ಅವರದು ಮೂರಲ್ಲವೇ? ನಾನು ಕುರ್ಚಿಯಿಂದ ಅರ್ಧ ಎದ್ದೆ. ಅಷ್ಟರಲ್ಲಿ ಅವರು (೨) ಎಂದಿದ್ದ ಒಂದು ಪುಟ ಹುಡುಕಿ, ಗಂಟಲು ಸರಿಮಾಡಿಕೊಂಡು, ಪಾಠ ಮಾಡುವ ದನಿಯಲ್ಲಿ ಓದಿದರು:

“‘ಈ ಮಹಾಶಯರಿಗೆ (೨) ಬಾವಿಗೂ ತಗ್ಗಿಗೂ ವ್ಯತ್ಯಾಸ ತಿಳಿಯದು.’”

ತಪ್ಪು ಪುಟವಿರಬೇಕೆಂದು ಅವರು ಇನ್ನೊಂದು ಹುಡುಕಿದರು.

“‘ಹಗಲೆಲ್ಲ ಕುರ್ಚಿಯಲ್ಲಿ ತೂಕಡಿಸುವವರಿಂದ (೨) ಇನ್ನೇನನ್ನು ನಿರೀಕ್ಷಿಸಲು ಸಾಧ್ಯ?’”

ಹಿಂದಿನ ಸಾಲಿನಲ್ಲಿ ವಿದ್ಯಾರ್ಥಿಗಳು ನಗಲು ಶುರುಮಾಡಿದರು. ಮೂರನೆಯದನ್ನು ಅವರು ಜೋರಾಗಿ ಓದಲಿಲ್ಲ. ಮನಸ್ಸಿನಲ್ಲೇ ಓದಿಕೊಂಡರು. ಅದು ನನಗೆ ಬಾಯಿಪಾಠವಿತ್ತು: ‘ಇಂಥವರು (೨) ಈ ಸೀಮೆ ಬಿಟ್ಟು ತೊಲಗಿದ್ದೇ ಈ ಸೀಮೆಯ ಪುಣ್ಯ.’

ನಾನು ಒಂದು ಪ್ರತಿ ಕಸಿದುಕೊಂಡು ಕೊನೆಯ ಪುಟ ತೆಗೆದೆ. ಪುಟದ ನೆತ್ತಿಯ ಮೇಲೆ, ಸುತ್ತ ಹೂಬಳ್ಳಿಯ ಅಂಚು ಕಟ್ಟಿ, ಮದುವೆ ಕಾರ್ಡಿನ ದಪ್ಪ ಮೊಳೆಯಲ್ಲಿ, ‘ದಿವ್ಯ ಸಾನ್ನಿಧ್ಯ’ ಎಂದು ಹಾಕಿ ಗುರುಗಳ ಹೆಸರು! ಅದಕ್ಕೆ ಅಂಕಿಯಿಲ್ಲ. ಅದರ ಕೆಳಗೆ ಒಂದನೆಯವನು ಬಿಳಿ ಎಂಜಿನಿಯರ್. ಎರಡು ಪ್ರಿನ್ಸಿಪಾಲರು. ಮೂರು ಮಾವನವರು. ನಾಲ್ಕು ಕುರಿ. ತಿರುಗಿ ಸಾಬರನ್ನು ನೋಡಿದೆ. ಅವರು ವೇದಿಕೆಯ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು.

“ಅಷ್ಟು ದೊಡ್ಡೋರನ್ನ ಕುರಿ ಡಾಕ್ಟರ ಜೋಡಿ ಒಂದ ಸಾಲಿನ್ಯಾಗ ನಿಂದ್ರಸೂದು ನನಗ ಛಲೋ ಕಾಣಲಿಲ್ರಿ ಸರ. ಸ್ವಾಮಿಗೋಳ ಹೆಸರು ಮ್ಯಾಲ ಬ್ಯಾರೆ ಹಾಕ್ತೀವಲ್ರಿ, ಹಂಗ ಹಾಕೀನಿ” ಎಂದು ಮೆಲ್ಲಗೆ ಹೇಳಿದರು.

ಅಷ್ಟರಲ್ಲಿ ಗುರುಗಳ ದನಿ ಕೇಳಿತು. ಅವರೂ ಒಳಗಿನ ಪುಟ ತೆಗೆದಿದ್ದರು.

“ನಿನ್ನ ಕಣ್ಣು ತೆರೆಸಿದ ಪೂಜ್ಯರು ಬಿಳಿ ಎಂಜಿನಿಯರ್ರೇನೋ ತಮ್ಮಾ?”

ನಾನು ಮೈಕಿಗೆ ಹಾರಿದೆ. ವಿವರಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬ ಭ್ರಮೆ ಆಗಲೂ ನನ್ನನ್ನು ಬಿಟ್ಟಿರಲಿಲ್ಲ.

“ದಯಮಾಡಿ ಕೇಳ್ರಿ! ಒಳಗಿನ ಅಂಕಿಯೊಳಗ ಒಂದು ಕಳದು ಓದಬೇಕ್ರಿ! ಎರಡು ಅಂತ ಇದ್ದಲ್ಲಿ ಪಟ್ಟ್ಯಾಗ ಒಂದು ನೋಡ್ರಿ. ಮೂರು ಅಂತ ಇದ್ದಲ್ಲಿ ಎರಡು ನೋಡ್ರಿ. ಎಲ್ಲಾ ಬರೋಬ್ಬರಿ ಐತ್ರಿ!”

ಮೊದಲ ಸಾಲಿನಲ್ಲಿದ್ದ ಆಡಳಿತ ಮಂಡಳಿಯ ಹಿರಿಯರೊಬ್ಬರು ಬಹಳ ಸಮಾಧಾನದಿಂದ ಕೇಳಿದರು: “ಹಂಗಾರ ಒಂದು ಅಂತ ಇದ್ದಲ್ಲಿ ಏನು ನೋಡಬೇಕ್ರಿ?”

“ಒಂದು ಅಂತ ಇದ್ದಲ್ಲಿ... ಅದು ನಮ್ಮ ಗುರುಗಳ್ರಿ. ಅಂದ್ರ... ಸೊನ್ನಿರಿ.”

ಗುರುಗಳು ಶಾಲು ಹೆಗಲಿಗೆ ಹಾಕಿಕೊಂಡು ಎದ್ದರು. ಪ್ರಿನ್ಸಿಪಾಲರು ಎದ್ದರು. ವಂದನಾರ್ಪಣೆ ಮಾಡುವವನು ನಾನೇ. ವಂದಿಸಲು ವೇದಿಕೆಯ ಮೇಲೆ ಯಾರೂ ಇರಲಿಲ್ಲ.

ಕಮಿಟಿ ಸೇರಿತು. ಪ್ರಿನ್ಸಿಪಾಲರು ಕೊಟ್ಟ ಮಾತಿನಂತೆ ನನ್ನ ಬಗ್ಗೆ ಮಾತಾಡಿದರಂತೆ. ಏನು ಮಾತಾಡಿದರೆಂದು ನಾನು ಯಾರನ್ನೂ ಕೇಳಲಿಲ್ಲ. ಕಾಯಂ ಆದವರು ಬೇರೆಯವರು. ಒಂದು ಪುಸ್ತಕವನ್ನೂ ಬರೆಯದವರು!

ನಾವು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬುತ್ತಿದ್ದ ದಿನ ಮಾವನವರು ಬಂದರು. ಹೊಸಿಲು ದಾಟುವ ಮೊದಲೇ “ಕಸ್ತೂರಿ, ನೀರು ತಾರವಾ!” ಎಂದು ಕೂಗಿದರು. ತಂಬಿಗೆ ಎತ್ತಿ ಗಟಗಟ ಕುಡಿದು, ನನ್ನ ಎರಡೂ ಕೈ ಹಿಡಿದುಕೊಂಡರು.

“ಅಳಿಯಂದ್ರ, ನನ್ನ ಮನಸು ತುಂಬಿ ಬಂತು ನೋಡ್ರಿ. ಪ್ರೂಫಿನ್ಯಾಗ ನಾಲ್ಕನೇದಾಗಿದ್ದೆ, ಪುಸ್ತಕದಾಗ ಮೂರನೇದಕ ಏರಿಸೀರಿ! ಗಂಗಾವತ್ಯಾಗ ಮನಿಮನಿಗೆ ತೋರಿಸಿ ಬಂದೆ. ಕುಷ್ಟಗಿ ಡಾಕ್ಟರೂ ಸಿಕ್ಕಿದ್ರು. ಐದಿದ್ದದ್ದು ನಾಲ್ಕಾಗೈತಂತ ಭಾಳ ಖುಷಿ ಆಗ್ಯಾರ. ನಿಮಗ ಒಂದು ಕಂಬಳಿ ಕೊಟ್ಟಾರ.”

“ಒಳಗ ಓದೀರೇನ್ರಿ ಮಾವಾರ?” ಎಂದೆ.

“ಒಳಗ ಏನೈತ್ರಿ?” ಎಂದರು ಮಾವನವರು.

ಕಸ್ತೂರಿ ಕಂಬಳಿಯನ್ನು ಮಡಿಚಿ ಗೋಣಿಚೀಲದ ಮೇಲಿಟ್ಟಳು. ನಾವು ಮಧ್ಯಾಹ್ನದ ಬಸ್ಸಿಗೆ ಯಲಬುರ್ಗಾಕ್ಕೆ ಹೊರಟೆವು. ಆ ಪಟ್ಟಿಯಲ್ಲಿದ್ದವರಿಗೆಲ್ಲ ನಾನು ಒಂದೊಂದು ಮೆಟ್ಟಿಲು ಬಡ್ತಿ ಕೊಡಿಸಿದ್ದೆ. ಮರುದಿನ ಶಾಲೆಯ ಹೆಡ್‌ಮಾಸ್ತರರು ನನಗೆ ಒಂದನೆಯ ತರಗತಿ ಕೊಟ್ಟರು.